ಪಾಳಿ ಪುಸ್ತಕದ ಉದ್ದ ಪುಟಗಳು

ಜೂನ್ 2, ಭಾನುವಾರ

ದಿನಾ ಬರೆದಿಡಿ ಎಂದು ಲಾಯರ್ ಮೇಡಂ ಹೇಳಿದ್ದಾರೆ. ಅವನ ತಪ್ಪುಗಳು, ತಾರೀಖು, ಗಂಟೆ. “ಸಣ್ಣದು ಅಂತ ಬಿಡಬೇಡಿ. ಕೋರ್ಟಲ್ಲಿ ಸಣ್ಣದೇ ಕೆಲಸಕ್ಕೆ ಬರೋದು.” ಬೇಕಾದಷ್ಟನ್ನು ಆಯ್ದು ಟೈಪ್ ಮಾಡಿ ಅವರಿಗೆ ಕೊಟ್ಟರಾಯಿತು. ಈ ಪುಸ್ತಕ ನನ್ನ ಬಳಿಯೇ ಇರುತ್ತದೆ.

ಮೊದಲು ಏರ್ಪಾಡನ್ನು ಬರೆದಿಡುತ್ತೇನೆ. ಮಗಳು ಮನೆಯಲ್ಲೇ ಇರುತ್ತಾಳೆ, ಬದಲಾಗುವವರು ನಾವು. ಒಂದು ವಾರ ನಾನು, ಒಂದು ವಾರ ಅವಳ ಅಪ್ಪ. ನನ್ನದಲ್ಲದ ವಾರ ನಾನು ಆಸ್ಪತ್ರೆಯ ಹಿಂದಿನ ಬೀದಿಯ ಈ ಬಾಡಿಗೆ ಕೋಣೆಯಲ್ಲಿರುತ್ತೇನೆ. ಅವನದಲ್ಲದ ವಾರ ಅವನು ತನ್ನ ಅಣ್ಣನ ಮನೆಯಲ್ಲಿ. ಭಾನುವಾರ ಸಂಜೆ ಐದಕ್ಕೆ ಪಾಳಿ ಬದಲು. ಜನವರಿಯಲ್ಲಿ ಒಮ್ಮೆ ಬಾಗಿಲಲ್ಲೇ ಜಗಳವಾಗಿ ಕೆಳಗಿನ ಮನೆಯವರು ಮೇಲೆ ಓಡಿಬಂದರು. ಅಂದಿನಿಂದ, ಹೋಗುವವರು ಹದಿನೈದು ನಿಮಿಷ ಮೊದಲೇ ಹೊರಟುಬಿಡುವುದೆಂದು ಮಾಡಿಕೊಂಡೆವು. ನಾಲ್ಕೂ ಮುಕ್ಕಾಲಿಗೆ ಒಬ್ಬರು ಹೊರಗೆ, ಐದಕ್ಕೆ ಇನ್ನೊಬ್ಬರು ಒಳಗೆ. ಮುಖ ನೋಡುವ ಪ್ರಶ್ನೆಯೇ ಇಲ್ಲ. ಆ ಹದಿನೈದು ನಿಮಿಷ ಕಡ್ಡಿ ಒಬ್ಬಳೇ ಇರುತ್ತಾಳೆ. ಒಂಬತ್ತು ವರ್ಷದವಳು, ಇರಬಲ್ಲಳು.

ಕಡ್ಡಿ ಎಂದು ಹೆಸರಿಟ್ಟವನು ಅವನೇ. ಹುಟ್ಟಿದಾಗ ಹಾಗೆಯೇ ಇದ್ದಳು.

ಊಟದ ಮೇಜಿನ ಮೇಲೆ ಪಾಳಿ ಪುಸ್ತಕ ಇರುತ್ತದೆ. ನೂರು ಹಾಳೆಯ ಶಾಲೆಯ ನೋಟ್‌ಬುಕ್. ಹೋಗುವವರು ಬರುವವರಿಗೆ ಅದರಲ್ಲಿ ಜ್ವರ, ಮಾತ್ರೆ, ಹೋಮ್‌ವರ್ಕ್ ಬಗ್ಗೆ ಬರೆದಿಡಬೇಕು. ಬೇರೇನೂ ಬರೆಯುವಂತಿಲ್ಲ.

ಇವತ್ತು ನಾಲ್ಕೂ ಮುಕ್ಕಾಲಿಗೆ ಹೊರಟೆ. ಅವಳು ಬಾಗಿಲವರೆಗೂ ಬರಲಿಲ್ಲ. ಬರುವುದೇ ಇಲ್ಲ.

ತಪ್ಪುಗಳು: ಮೇ ತಿಂಗಳಲ್ಲಿ ಎರಡು ಸಲ ಉಗುರು ಕತ್ತರಿಸಿಲ್ಲ. ಏಪ್ರಿಲ್‌ನಲ್ಲಿ ನಾನು ನಿಯಮ ಮುರಿದು ಪಾಳಿ ಪುಸ್ತಕದಲ್ಲಿ ಒಂದಿಡೀ ಪುಟ ಬರೆದಿದ್ದೆ, ನಮ್ಮ ಬಗ್ಗೆ. ಇವತ್ತಿಗೂ ಉತ್ತರವಿಲ್ಲ. ಓದಿ, ಏನೂ ಆಗದವನ ಹಾಗೆ ಜ್ವರ, ಮಾತ್ರೆ ಬರೆದು ಸಹಿ ಹಾಕುವ ಮನುಷ್ಯ.

ಜೂನ್ 5, ಬುಧವಾರ

ನನ್ನ ಕೆಲಸ ಕಿವಿ ಪರೀಕ್ಷೆ. ಶಬ್ದ ನುಗ್ಗದ ಸಣ್ಣ ಕೋಣೆಯೊಳಗೆ ಜನರನ್ನು ಕೂರಿಸಿ, ಗಾಜಿನ ಈಚೆಯಿಂದ ಒಂದೊಂದೇ ಸದ್ದು ಬಿಡುತ್ತೇನೆ. ಕೇಳಿಸಿದಾಗ ಅವರು ಗುಂಡಿ ಒತ್ತಬೇಕು.

ಕಳೆದ ತಿಂಗಳು ಹಿಯರಿಂಗ್ ಏಡ್ ಹಾಕಿಸಿಕೊಂಡಿದ್ದ ಅಜ್ಜಿ ಇವತ್ತು ಅದನ್ನು ವಾಪಸ್ ತಂದರು.

“ಇದು ಬೇಡ ಕಣಮ್ಮ, ತಗೋ.”

“ಯಾಕಜ್ಜಿ, ಕೇಳಿಸ್ತಿಲ್ವಾ?”

“ಚೆನ್ನಾಗಿ ಕೇಳಿಸುತ್ತೆ. ಅದೇ ತಾಪತ್ರಯ. ಮುಂಚೆ ನನ್ನೆದುರಿಗೇ ನನ್ನ ಬೈಕೊಂಡು ಹಾಯಾಗಿದ್ರು. ಇದು ಹಾಕ್ಕೊಂಡ ಮೇಲೆ ಮನೇಲಿ ಒಬ್ಬರೂ ಬಾಯಿ ಬಿಡಲ್ಲ.”

ನಕ್ಕೆ. ಕೋಣೆಗೆ ಬಂದ ಮೇಲೆ ನಗು ಬರಲಿಲ್ಲ. ಇಲ್ಲಿ ಒಂದು ಮಂಚ, ಒಂದು ಕುರ್ಚಿ, ಒಂದು ಲೋಟ. ಆರು ಗಂಟೆ, ಕಡ್ಡಿ ಸ್ನಾನ ಮಾಡುವ ಹೊತ್ತು. ಕಿವಿಗೆ ನೀರು ಹೋಗದಂತೆ ಹತ್ತಿ ಇಡುತ್ತಾನೋ ಇಲ್ಲವೋ. ಫೋನ್ ಮಾಡಿ ಕೇಳಬಹುದು, ಆದರೆ ಅವನ ವಾರದಲ್ಲಿ ನಾನು ಫೋನ್ ಮಾಡುವುದಿಲ್ಲ. ನನ್ನ ವಾರದಲ್ಲಿ ಅವನೂ ಮಾಡುವುದಿಲ್ಲ. ಅವಳಂತೂ ಯಾವತ್ತೂ ಮಾಡಿದವಳಲ್ಲ.

ಜೂನ್ 9, ಭಾನುವಾರ

ಐದಕ್ಕೆ ಸರಿಯಾಗಿ ಒಳಗೆ ಕಾಲಿಟ್ಟೆ. ಮೇಜಿನ ಮುಂದೆ ಕೈಕಟ್ಟಿ ಕೂತಿದ್ದಳು, ಪರೀಕ್ಷೆ ಮುಗಿಸಿದ ಹುಡುಗಿಯ ಹಾಗೆ. ಅಪ್ಪಿಕೊಂಡೆ. ಕೂದಲಲ್ಲಿ ನಾನು ತರುವ ಶಾಂಪೂವಿನ ವಾಸನೆ ಇರಲಿಲ್ಲ.

ನನ್ನ ಮುಂದೆ ಅವಳು ಅಪ್ಪ ಎನ್ನುವುದೇ ಇಲ್ಲ. ‘ಹೋದ ವಾರ’ ಅನ್ನುತ್ತಾಳೆ.

“ಹೋದ ವಾರ ಸೈಕಲ್ಲಿಗೆ ಗಾಳಿ ಹಾಕ್ತು.”

“ಹೋದ ವಾರ ಚೆನ್ನಾಗಿತ್ತಾ?” ಎಂದೆ.

“ಈ ವಾರದಷ್ಟೇ,” ಎಂದಳು.

ಈ ವಾರ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ.

ತಪ್ಪುಗಳು: ಹಾಲಿನ ಪಾತ್ರೆ ತಳ ಹಿಡಿಸಿ ಹಾಗೆಯೇ ನೆನೆಹಾಕಿ ಹೋಗಿದ್ದಾನೆ. ಬಚ್ಚಲುಮನೆಯ ಬಲ್ಬ್ ಬದಲಾಯಿಸಿದ್ದಾನೆ. ಇದು ತಪ್ಪಲ್ಲ, ಸುಮ್ಮನೆ ಬರೆದೆ.

ಜೂನ್ 12, ಬುಧವಾರ

ಮಧ್ಯಾಹ್ನ ಲಾಯರ್ ಮೇಡಂ ಆಫೀಸು. ಮಗಳ ಪೂರ್ತಿ ಸುಪರ್ದಿ ನನಗೇ ಬೇಕೆಂದು ಹಾಕಿರುವ ಅರ್ಜಿ ಜುಲೈ ಮೂರಕ್ಕೆ ವಿಚಾರಣೆಗೆ ಬರುತ್ತದೆ. “ಸಿಕ್ಕರೆ ನೀವು ಅವರಿಗೆ ಕಟ್ಟೋದೂ ನಿಲ್ಲುತ್ತೆ,” ಎಂದರು. ನನ್ನ ಸಂಬಳ ಹೆಚ್ಚು. ಅವನು ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವವನು, ಕೆಲಸ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಹಾಗಾಗಿ ಮಗಳ ಖರ್ಚಿನ ಭಾಗವೆಂದು ತಿಂಗಳು ತಿಂಗಳು ನಾನೇ ಅವನ ಖಾತೆಗೆ ಹಾಕಬೇಕೆಂದು ಆದೇಶವಾಗಿದೆ.

ಸಂಜೆ ಅಕ್ಕ ಫೋನ್ ಮಾಡಿದಳು. “ಲೋಕದಲ್ಲೆಲ್ಲ ಗಂಡ ಕೊಡ್ತಾನೆ, ನಮ್ಮನೆ ಮಹಾರಾಣಿ ಗಂಡನಿಗೇ ಕೊಡ್ತಾಳೆ.”

“ಗಂಡನಿಗಲ್ಲಕ್ಕ, ಮಗಳಿಗೆ.”

“ಮಗಳ ಹೆಸರಲ್ಲಿ ಯಾರು ಶೇವಿಂಗ್ ಕ್ರೀಮ್ ತಗೋತಾರೋ ಯಾರಿಗೆ ಗೊತ್ತು.”

ಹಣಕ್ಕಾಗಿ ಅರ್ಜಿ ಹಾಕಿದೆನೇ? ಅಲ್ಲ. ಗೆಲ್ಲಬೇಕೆಂದು ಹಾಕಿದೆನೇ? ಇದಕ್ಕೆ ಅಷ್ಟು ಬೇಗ ಅಲ್ಲ ಎನ್ನಲಾಗಲಿಲ್ಲ. ಹದಿನಾಲ್ಕು ದಿನಗಳಲ್ಲಿ ಏಳು ದಿನ ನಾನು ಅವಳ ತಾಯಿ. ಉಳಿದ ಏಳು ದಿನ ಏನೆಂದು ಕರೆದುಕೊಳ್ಳಲಿ?

ಜೂನ್ 16, ಭಾನುವಾರ

ನಾಲ್ಕೂ ಮುಕ್ಕಾಲಿಗೆ ಹೊರಟವಳು ನೇರ ಕೋಣೆಗೆ ಹೋಗಲಿಲ್ಲ. ಎದುರಿನ ಔಷಧಿ ಅಂಗಡಿಯಲ್ಲಿ ಬೇಡದ ಮಾತ್ರೆಯೊಂದನ್ನು ಕೇಳುತ್ತಾ ನಿಂತೆ. ಐದಕ್ಕೆ ಮೂರು ನಿಮಿಷವಿರುವಾಗ ಅವನು ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ಸುತ್ತಿದ ನಕ್ಷೆಗಳು. ಮೆಟ್ಟಿಲ ಬಳಿ ನಿಂತು ಕೈಯಿಂದ ತಲೆ ಬಾಚಿಕೊಂಡು, ಅಂಗಿ ಕೊಡವಿಕೊಂಡು, ಆಮೇಲೆ ಹತ್ತಿದ.

ಒಂಬತ್ತು ವರ್ಷದ ಹುಡುಗಿಯನ್ನು ನೋಡಲು ಇಷ್ಟು ಸಿಂಗಾರ. ನಾನಿದ್ದಾಗಲೂ ಹೀಗೆ ಕೆಳಗೆ ನಿಂತು ತಲೆ ಬಾಚಿಕೊಂಡು ಬರುತ್ತಿದ್ದನೋ ಏನೋ. ಮೇಲಿದ್ದ ನನಗೆ ಹೇಗೆ ಗೊತ್ತಾಗಬೇಕು.

ಇದನ್ನು ಲಾಯರ್ ಮೇಡಂಗೆ ಟೈಪ್ ಮಾಡುವ ಅಗತ್ಯವಿಲ್ಲ.

ಜೂನ್ 18, ಮಂಗಳವಾರ

ಅವನ ಮೆಸೇಜು: ‘ಮೂವತ್ತರ ನಂತರ ಒಂದು ವಾರ ಕೆಲಸದ ಮೇಲೆ ಹೊರಗೆ ಹೋಗಬೇಕು. ವಾರ ಅದಲುಬದಲು ಮಾಡೋಣವಾ? 23ರಿಂದಲೂ ನಾನೇ ಇರುತ್ತೇನೆ. 30ರಿಂದ ನೀನು.’

ಒಪ್ಪಿಕೊಂಡೆ. ಅಂದರೆ ಈ ಸಲ ಹದಿನಾಲ್ಕು ದಿನ ಅವಳಿಲ್ಲ. ಬರೆಯಲೂ ಏನಿಲ್ಲ.

ಜೂನ್ 24, ಸೋಮವಾರ

ಆಸ್ಪತ್ರೆಯಲ್ಲಿ ಊಟದ ಬಿಡುವು. ನಿನ್ನೆಯದನ್ನು ಬರೆಯಬೇಕು.

ನಿನ್ನೆ ಐದು ಗಂಟೆಗೆ ನಾನು ಬಾಡಿಗೆ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ, ಅವನ ವಾರ ಎಂದುಕೊಂಡು. ಆರೂವರೆಗೆ ಬೇಸರವಾಗಿ ಫೋನ್ ತೆಗೆದು ಅವನ ಹಳೆಯ ಮೆಸೇಜುಗಳನ್ನು ಓದುತ್ತಾ ಕೂತೆ. ತಪ್ಪು ಹುಡುಕಲೆಂದೇ, ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಯದು ಶುಕ್ರವಾರದ್ದು: ‘ಪ್ರಯಾಣ ರದ್ದಾಯಿತು. ಮೊದಲಿನ ಹಾಗೇ ಇರಲಿ. ಭಾನುವಾರ ನೀನೇ ಬಾ.’ ಅದರ ಕೆಳಗೆ ನನ್ನದೇ ಉತ್ತರ: ‘ಸರಿ.’

ಗಾಜಿನಾಚೆ ರೋಗಿಯನ್ನು ಕೂರಿಸಿಕೊಂಡು, ಓದದೆಯೇ ಒತ್ತಿದ ಸರಿ.

ಅವನು ನಾಲ್ಕೂ ಮುಕ್ಕಾಲಿಗೆ ಹೊರಟಿರುತ್ತಾನೆ. ಹೇಗೆ ಓಡಿದೆನೋ, ಯಾವ ಆಟೋ ಹತ್ತಿದೆನೋ ಗೊತ್ತಿಲ್ಲ. ಮೆಟ್ಟಿಲು ಹತ್ತಿದಾಗ ಏಳಕ್ಕೆ ಐದು ನಿಮಿಷ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

“ಯಾರು?”

“ಅಮ್ಮ ಕಣೇ.”

“ಯಾವ ವಾರ?”

ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ. “ಈ ವಾರ, ಮರಿ. ನನ್ನ ವಾರ.”

ಬಾಗಿಲು ತೆಗೆದಳು. ಎಲ್ಲ ದೀಪಗಳೂ ಉರಿಯುತ್ತಿದ್ದವು. ಮುಖ ತೊಳೆದುಕೊಂಡಿದ್ದಳು.

“ಫೋನ್ ಇತ್ತಲ್ಲ, ಯಾಕೆ ಮಾಡ್ಲಿಲ್ಲ?”

“ಯಾರಿಗೆ ಮಾಡ್ಲಿ? ನಿನ್ನ ವಾರ ಆಗಿದ್ದು ಅಪ್ಪಂಗೆ ಮಾಡಿದ್ರೆ ನಿಂಗೆ ಕೋರ್ಟಲ್ಲಿ ಬೈತಾರೆ. ಅಪ್ಪನ ವಾರ ಆಗಿದ್ದು ನಿಂಗೆ ಮಾಡಿದ್ರೆ ಅವನಿಗೆ ಬೈತಾರೆ. ವಾರ ಬದಲು ಅಂದ ಅಪ್ಪ, ಆಮೇಲೆ ಇಲ್ಲ ಅಂದು ಹೋದ. ನೀನೂ ಬರ್ಲಿಲ್ಲ. ಯಾರ ವಾರ ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ಯಾರಿಗೂ ಮಾಡ್ಲಿಲ್ಲ.”

ಪಾಳಿ ಪುಸ್ತಕ ತೆರೆದಿತ್ತು. ಅವನ ಅಕ್ಷರಗಳಾದ ಮೇಲೆ ಹೊಸ ಹಾಳೆಯಲ್ಲಿ ಅವಳ ದುಂಡು ಅಕ್ಷರ. ಇದ್ದದ್ದು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ.

‘ಭಾನುವಾರ. ಪಾಳಿ: ನಾನು. ಜ್ವರ ಇಲ್ಲ. ಹೋಮ್‌ವರ್ಕ್ ಆಗಿದೆ. ಬ್ರೆಡ್ ಎರಡು ತಿಂದಿದ್ದಾಳೆ, ಹಾಲು ತಣ್ಣಗಿರೋದೇ ಕುಡಿದಿದ್ದಾಳೆ, ಗ್ಯಾಸ್ ಹಚ್ಚಿಲ್ಲ. ಬೆಲ್ ಒಂದು ಸಲ ಆಯ್ತು, ತೆಗೆಯಲಿಲ್ಲ. ಆರು ಗಂಟೆಗೆ ಕಡ್ಡಿ ಸ್ವಲ್ಪ ಅತ್ತಳು. ಈಗ ಸರಿಯಾಗಿದ್ದಾಳೆ.’

ಕೆಳಗೆ ಸಹಿ. ನಾವು ಹಾಕುವ ಹಾಗೆಯೇ.

ಜೂನ್ 25, ಮಂಗಳವಾರ

ಬೆಳಗ್ಗೆಯಿಂದ ಒಂದೇ ಯೋಚನೆ, ಆ ಹಾಳೆ. ಮುಂದಿನ ಭಾನುವಾರ ಅವನು ಓದುತ್ತಾನೆ. ಎರಡು ಗಂಟೆ ಹತ್ತು ನಿಮಿಷ. ಅವನ ಲಾಯರ್‌ಗೆ ಇಷ್ಟೇ ಸಾಕು. ಪೂರ್ತಿ ಸುಪರ್ದಿ ಹಾಗಿರಲಿ, ಈಗಿರುವ ಏಳು ದಿನವೂ ಉಳಿಯಲಿಕ್ಕಿಲ್ಲ.

ಶಾಲೆಯಿಂದ ಬಂದವಳು ನನ್ನ ಮುಖ ನೋಡಿದಳು. ಎಲ್ಲ ಗೊತ್ತಾಗಿಬಿಡುತ್ತದೆ ಅವಳಿಗೆ.

“ಬೇಕಾದ್ರೆ ಆ ಪೇಜ್ ತೆಗೀತೀನಿ.”

ನಾನು ಬೇಡ ಎನ್ನಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನಾನು ಬೇಡ ಎನ್ನಲಿಲ್ಲ.

ಪುಸ್ತಕವನ್ನು ನಡುವಿಗೆ ತೆರೆದಳು. ಚಮಚದ ಹಿಡಿಯಿಂದ ಎರಡೂ ಪಿನ್ನುಗಳ ಕಾಲು ಎತ್ತಿದಳು. ತನ್ನ ಹಾಳೆಯನ್ನೂ ಹಿಂಭಾಗದಲ್ಲಿ ಅದಕ್ಕೆ ಅಂಟಿಕೊಂಡಿದ್ದ ಖಾಲಿ ಜೋಡಿ ಹಾಳೆಯನ್ನೂ ಒಟ್ಟಿಗೆ ಎಳೆದಳು. ಪಿನ್ನುಗಳನ್ನು ಮತ್ತೆ ಒತ್ತಿ ಮಡಚಿದಳು. ಹರಿದ ಅಂಚಿಲ್ಲ, ಗುರುತಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ.

ಹೊಸದಾಗಿ ಕಲಿತ ಕೈ ಹೀಗೆ ಓಡುವುದಿಲ್ಲ.

ಅವಳು ಆಡಲು ಹೋದ ಮೇಲೆ ಎಣಿಸಿದೆ. ನೂರು ಹಾಳೆಯ ಪುಸ್ತಕದಲ್ಲಿ ತೊಂಬತ್ತನಾಲ್ಕು. ಇವತ್ತು ಹೋದದ್ದು ಎರಡು. ಅಂದರೆ ಹಿಂದೆ ಇನ್ನೆರಡು ಸಲ.

ಮೊದಲು ನನಗೆ ಬಂದ ಯೋಚನೆ: ಅವನು ಏನು ಮಾಡಿದ್ದ? ಯಾವ ತಪ್ಪು? ಯಾವ ತಾರೀಖು? ಕೈಗೆ ಪೆನ್ನೂ ಬಂದಿತ್ತು.

ಜೂನ್ 26, ಬುಧವಾರ

ಅವಳ ತಲೆ ಒರೆಸುತ್ತಾ ಕೇಳಿದೆ. “ಮುಂಚೇನೂ ಪೇಜ್ ತೆಗೆದಿದ್ಯಾ?”

ತಲೆ ಟವೆಲ್ಲಿನೊಳಗೇ ಇತ್ತು. “ಎರಡೇ.”

“ಯಾವಾಗ?”

“ನೀವಿಬ್ರೂ ಇರಲ್ವಲ್ಲ, ಆ ಹದಿನೈದು ನಿಮಿಷದಲ್ಲಿ. ಒಂದು ನಿಂದು. ಒಂದು ಅಪ್ಪಂದು.”

“ಏನು ಬರೆದಿದ್ವಿ?”

“ಓದ್ಲಿಲ್ಲ. ಉದ್ದ ಇತ್ತು. ಉದ್ದ ಇರೋದೆಲ್ಲ ಜಗಳನೇ.”

“ಆ ಹಾಳೆಗಳೆಲ್ಲಿ?”

“ಚೂರು ಮಾಡಿ ಸ್ಕೂಲ್ ಡಬ್ಬಿಗೆ ಹಾಕ್ದೆ. ಇಲ್ಲಿ ಹಾಕಿದ್ರೆ ನೀನು ಕಸ ನೋಡ್ತೀಯಲ್ಲ.”

ನಾನು ಕಸ ನೋಡುತ್ತೇನೆ, ನಿಜ. ಅವನು ಹೊರಗಿನ ತಿಂಡಿ ಎಷ್ಟು ಸಲ ತರಿಸುತ್ತಾನೆಂದು ಲೆಕ್ಕವಿಡಲು. ಅದು ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಹಾಗಾದರೆ ನನ್ನ ಏಪ್ರಿಲ್ ಪುಟ ಅವನಿಗೆ ಮುಟ್ಟಿಯೇ ಇಲ್ಲ. ಬರೆದದ್ದನ್ನು ನಾನು ಮತ್ತೆ ತಿರುವಿ ನೋಡಿರಲಿಲ್ಲ, ಹಾಗಾಗಿ ಅದು ಹೋದದ್ದು ನನಗೂ ಕಾಣಲಿಲ್ಲ. ಮೂರು ತಿಂಗಳಿಂದ, ಉತ್ತರ ಕೊಡುವ ಸೌಜನ್ಯವೂ ಇಲ್ಲದವನು ಎಂದು ಹಲ್ಲು ಕಡಿಯುತ್ತಿದ್ದೇನೆ. ಅವನೂ ಎಲ್ಲೋ ಕೂತು ನನ್ನ ಬಗ್ಗೆ ಅದನ್ನೇ ಅಂದುಕೊಂಡಿರಬೇಕು.

ಅವನು ನನಗೆ ಒಂದು ಉದ್ದ ಪುಟ ಬರೆದಿದ್ದ. ಏನಿತ್ತು ಅದರಲ್ಲಿ? ಆಗಿನಿಂದ ಇದೇ ಯೋಚನೆ. ಬೈಗುಳವಾದರೂ ಸರಿ, ಓದಬೇಕಿತ್ತು. ಅವನ ‘ನ’ ಅಕ್ಷರಕ್ಕೆ ಬಾಲ ಜಾಸ್ತಿ. ಒಂದು ಪುಟದಲ್ಲಿ ಎಷ್ಟು ಬಾಲಗಳಿದ್ದವೋ.

ಜೂನ್ 28, ಶುಕ್ರವಾರ

ಲಾಯರ್ ಮೇಡಂಗೆ ಭಾನುವಾರದ ವಿಷಯ ಹೇಳಿದೆ. ಪೆನ್ನಿನ ಮುಚ್ಚಳ ಹಾಕಿದರು.

“ಇದನ್ನ ನೀವು ನನಗೆ ಹೇಳಲೇ ಇಲ್ಲ ಅಂತ ಇಟ್ಕೊಳ್ಳೋಣ.”

“ಹೇಳಿದೆನಲ್ಲ ಮೇಡಂ.”

“ನೋಡಿ, ಆ ಹಾಳೆ ಇಲ್ಲ. ಮಗು ಬಾಯಿ ಬಿಡಲ್ಲ. ಅವರಿಗೆ ಗೊತ್ತಿಲ್ಲ. ಇನ್ನೇನು?”

ಮಗು ಬಾಯಿ ಬಿಡಲ್ಲ. ನನ್ನ ಪರವಾಗಿ ಇರುವ ಅತಿ ದೊಡ್ಡ ಸಾಕ್ಷಿ ಇದೇ. ಅರ್ಜಿ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

“ನೀವು ಹಿಂದೆ ಸರಿದರೆ ಅವರು ಮುಂದೆ ಬರ್ತಾರೆ. ಆಗ ವಾರಕ್ಕೊಂದು ಗಂಟೆ ಭೇಟಿ ಅಂತ ಬಂದು ಇಲ್ಲಿ ಅಳಬೇಡಿ.”

ಅಳುವುದಿದ್ದರೆ ಬೇರೆ ಕಡೆ ಅಳುತ್ತೇನೆ ಎಂದು ಬಂದೆ. ಧೈರ್ಯದ ಮಾತೇನಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ಜೂನ್ 30, ಭಾನುವಾರ

ನಾಲ್ಕೂ ಮುಕ್ಕಾಲಾಯಿತು. ನಾನು ಏಳಲಿಲ್ಲ. ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದಳು.

“ಅಮ್ಮಾ, ಲೇಟಾಯ್ತು.”

“ಇವತ್ತು ಇರ್ತೀನಿ.”

“ಬೇಡ. ಹೋಗು. ಬಸ್ ಹೋಗುತ್ತೆ.” ನನ್ನ ಚೀಲವನ್ನು ಬಾಗಿಲ ಬಳಿಗೆ ಎಳೆದು ತಂದಳು. ಚಪ್ಪಲಿ ತಿರುಗಿಸಿ ಇಟ್ಟಳು.

ಐದಕ್ಕೆ ಅವನು ಬಂದ. ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತ. ಆರು ತಿಂಗಳಲ್ಲಿ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ.

“ಏನಾಯ್ತು? ಹುಷಾರಿದ್ದಾಳಾ?”

“ಹುಷಾರಿದ್ದಾಳೆ. ಕೂತ್ಕೋ. ಒಂದು ಹೇಳೋದಿದೆ.”

ಹೇಳಿದೆ. ಅವನ ಮೆಸೇಜು, ನನ್ನ ಸರಿ, ಎರಡು ಗಂಟೆ ಹತ್ತು ನಿಮಿಷ. ಅವನ ಮುಖದ ಬಣ್ಣ ಬದಲಾಯಿತು.

“ಒಬ್ಬಳೇನಾ? ಎರಡು ಗಂಟೆ? ನಾನು ಮಾಡಿದ್ರೆ ಮಾರನೇ ದಿನ ನಿನ್ನ ನೋಟಿಸ್ ಬರ್ತಿತ್ತು.”

“ಬರ್ತಿತ್ತು. ನಿಜ.”

ಅವನು ಜಗಳಕ್ಕೆ ಬಾಯಿ ತೆರೆದವನು ಹಾಗೆಯೇ ನಿಂತ. ಒಪ್ಪಿಕೊಂಡವರ ಜೊತೆ ಜಗಳವಾಡಿ ಅಭ್ಯಾಸವಿಲ್ಲ ನಮ್ಮಿಬ್ಬರಿಗೂ.

ಅಷ್ಟರಲ್ಲಿ ಕಡ್ಡಿ ಕಿರುಚಿದಳು. “ಹೇಳ್ಬೇಡ ಅಂತಾನೇ ಅಲ್ವಾ ತೆಗೆದಿದ್ದು! ಅಷ್ಟು ಚೆನ್ನಾಗಿ ತೆಗೆದಿದ್ದೆ! ಎಲ್ಲಾ ಹಾಳು ಮಾಡ್ಬಿಟ್ಟೆ!” ಶಾಲೆಯ ಬೂಟು ಎತ್ತಿ ಗೋಡೆಗೆ ಎಸೆದಳು. ಇನ್ನೊಂದನ್ನು ನನ್ನ ಕಡೆಗೆ. “ಇಬ್ರೂ ಹೋಗಿ! ನಂಗೆ ಯಾವ ವಾರಾನೂ ಬೇಡ!”

ನೆಲದ ಮೇಲೆ ಬಿದ್ದು ಅತ್ತಳು. ಎರಡು ವರ್ಷದವಳಿದ್ದಾಗ ಅಂಗಡಿಯಲ್ಲಿ ಬೊಂಬೆಗೆ ಅಳುತ್ತಿದ್ದಳಲ್ಲ, ಹಾಗೆ, ಕಾಲು ಬಡಿದು. ಅವನು ಒಂದು ಪಕ್ಕ ಕೂತ, ನಾನು ಇನ್ನೊಂದು ಪಕ್ಕ. ಏನು ತೆಗೆದಿದ್ದು ಎಂದು ಅವನು ಕೇಳಿದ. ಪಿನ್ನು, ಜೋಡಿ ಹಾಳೆ, ಶಾಲೆಯ ಕಸದ ಡಬ್ಬಿ, ಎಲ್ಲ ಹೇಳಿದೆ. ಅವನು ಅವಳ ಬೆನ್ನ ಮೇಲೆ ಕೈಯಿಟ್ಟ.

ಆರಕ್ಕೆ ಹೊರಟೆ. ಮೆಟ್ಟಿಲವರೆಗೆ ಬಂದ.

“ನಿನ್ನ ಪುಟದಲ್ಲಿ ಏನಿತ್ತು?” ಎಂದೆ.

“ನೀನು ಓದಿದ್ದೀಯ ಅಂದ್ಕೊಂಡಿದ್ದೆ.” ಕಂಬಿಯ ಮೇಲಿನ ಧೂಳು ಬೆರಳಿನಿಂದ ಒರೆಸಿದ. “ಪೂರ್ತಿ ಜಗಳ ಅಲ್ಲ ಅದು. ಮೊದಲನೇ ಅರ್ಧ ಅಷ್ಟೇ ಜಗಳ.”

ಎರಡನೇ ಅರ್ಧ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಬೀದಿಯ ತಿರುವಿನವರೆಗೂ ಹಿಂದೆ ಬಾಗಿಲು ಹಾಕಿಕೊಂಡ ಸದ್ದು ಬರಲಿಲ್ಲ. ನನ್ನ ಕಿವಿ ಚೆನ್ನಾಗಿಯೇ ಇದೆ.

ಜುಲೈ 3, ಬುಧವಾರ

ಕೋರ್ಟಿನಲ್ಲಿ ಮೊದಲು ಸಮಾಲೋಚಕರ ಕೋಣೆಗೆ ಕಳಿಸಿದರು. ಅರ್ಜಿ ಹಿಂತೆಗೆಯುವುದಾಗಿಯೂ ಯಾಕೆಂದೂ ಹೇಳಿದೆ. ಅವನ ಲಾಯರ್ ಕುರ್ಚಿಯಲ್ಲಿ ನೆಟ್ಟಗಾದರು. ಸಮಾಲೋಚಕಿ ಅವನತ್ತ ತಿರುಗಿದರು. “ಹಾಗಾದ್ರೆ ಮಗು ಪೂರ್ತಿ ನಿಮ್ಮ ಹತ್ತಿರವೇ ಇರಲಿ ಅಂತ ನೀವು ಕೇಳಬಹುದು. ಕೇಳ್ತೀರಾ?”

ಅವನು ತನ್ನ ಲಾಯರ್ ಕಡೆ ನೋಡಿದ. ಕೇಳುವ ಆಸೆ ಅವನಿಗೂ ಇತ್ತು. ಅವನ ಜಾಗದಲ್ಲಿದ್ದರೆ ನಾನು ಕೇಳಿಬಿಡುತ್ತಿದ್ದೆನೇನೋ.

“ಇಲ್ಲ,” ಎಂದ. “ಇಪ್ಪತ್ತಕ್ಕೂ ಹೆಚ್ಚು ಸಲ ಹದಿನೈದು ನಿಮಿಷ ಇಬ್ಬರೂ ಸೇರಿ ಅವಳನ್ನ ಒಬ್ಬಳೇ ಬಿಟ್ಟಿದ್ದೀವಿ. ಅದನ್ನೂ ಕೂಡಿಸಿ ಮೇಡಂ.”

ವಾರಗಳು ಹಾಗೆಯೇ ಮುಂದುವರಿಯುತ್ತವೆ. ತಿಂಗಳ ಹಣವೂ. ಬರುವವರು ಬರುವತನಕ ಹೋಗುವವರು ಹೋಗುವಂತಿಲ್ಲ ಎಂದು ಸೇರಿಸಿದ್ದಾರೆ. ಜಗಳವಾದರೆ ಆಗಲಿ, ಚಿಕ್ಕದಾಗಿ ಆಡಿ ಎಂದರು ಸಮಾಲೋಚಕಿ.

ಅಕ್ಕ ಫೋನಿನಲ್ಲಿ, “ಗೆಲ್ಲೋದು ಬಿಟ್ಟು ಬಂದ್ಯಾ ಪೆದ್ದಿ?” ಎಂದಳು. ಹೌದು ಎಂದೆ. ಆಮೇಲೆ ಅವಳೇ ಊಟ ಆಯ್ತಾ ಎಂದು ಕೇಳಿದಳು.

ಜುಲೈ 5, ಶುಕ್ರವಾರ

ಅವನ ವಾರ. ನಾಲ್ಕೂವರೆ ಹೊತ್ತಿಗೆ ಇಬ್ಬರು ರೋಗಿಗಳ ನಡುವೆ ಫೋನ್ ಬಂತು, ಮನೆಯಿಂದ. ಅವನ ವಾರದಲ್ಲಿ ಇದೇ ಮೊದಲು.

“ಅಮ್ಮಾ, ಅಪ್ಪ ನನ್ನ ಸೈಕಲ್ಲಿಗೆ ಬೀಗ ಹಾಕಿದ್ದಾನೆ. ಬೈದ. ಜೋರಾಗಿ ಬೈದ. ನೀನು ಬಂದು ಅವನಿಗೆ ಹೇಳು.”

“ಯಾಕೆ ಬೈದ?”

ಹಿಂದಿನಿಂದ ಅವನ ಸ್ವರ, “ಮೇನ್ ರೋಡಿಗೆ ಹೋಗಿದ್ದೆ ಅಂತ ಹೇಳು! ಅದನ್ನೂ ಹೇಳು!”

“ಹೋಗಿದ್ಯಾ?”

“ಸ್ವಲ್ಪ.”

“ಕೇಳದೇ?”

“ಕೇಳಿದ್ರೆ ಬಿಡ್ತಿದ್ರಾ?”

ನಗು ತಡೆದುಕೊಂಡೆ. “ಹಾಗಾದ್ರೆ ಅಪ್ಪ ಮಾಡಿದ್ದು ಸರಿ. ನಾನಾಗಿದ್ರೂ ಬೀಗ ಹಾಕ್ತಿದ್ದೆ.”

“ನೀವಿಬ್ರೂ ಒಂದೇ!” ಎಂದವಳೇ ಫೋನ್ ಕುಕ್ಕಿದಳು.

ಹೊರಗೆ ಮುಂದಿನ ರೋಗಿ ಕಾಯುತ್ತಿದ್ದರು. ಎರಡು ನಿಮಿಷ ಕಾಯಿಸಿದೆ.